ಗಾಡಿ ಯಾವಾಗ ಆಫ್ ಆಗುತ್ತದೆ?

ಗ್ಯಾರೇಜಿಗೆ ಹೋದವರು ಸಾಮಾನ್ಯವಾಗಿ ಹೇಳುವುದು ಎರಡೇ ಮಾತು: ‘ಪಿಕಪ್ ಇಲ್ಲ’, ‘ಸಿಗ್ನಲ್‌ನಲ್ಲಿ ಆಫ್ ಆಗುತ್ತೆ’. ಅಷ್ಟು ಕೇಳಿ ಕೆಲಸ ಶುರುಮಾಡುವ ಮೆಕ್ಯಾನಿಕ್ ಮೊದಲು ಪ್ಲಗ್ ಬದಲಿಸುತ್ತಾನೆ, ಆಮೇಲೆ ಫಿಲ್ಟರ್, ಕೊನೆಗೆ ಪೆಟ್ರೋಲ್ ಪಂಪು. ಬಿಲ್ಲು ಬೆಳೆಯುತ್ತದೆ, ಗಾಡಿ ಮತ್ತೆ ಅದೇ ಸಿಗ್ನಲ್‌ನಲ್ಲಿ ನಿಲ್ಲುತ್ತದೆ. ಏನು ಕೆಟ್ಟಿದೆ ಎಂದು ಊಹಿಸುವುದಕ್ಕಿಂತ ಯಾವಾಗ ಕೆಡುತ್ತದೆ ಎಂದು ಗಮನಿಸುವುದು ಅಗ್ಗ. ಬೆಳಗ್ಗೆ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ನಿಂತಲ್ಲೋ, ಏರಿನಲ್ಲೋ? ಎಸಿ ಹಾಕಿದಾಗಲೋ?

ಇಂಜೆಕ್ಷನ್ ಇರುವ ಪೆಟ್ರೋಲ್ ಕಾರನ್ನೇ ಇಟ್ಟುಕೊಂಡು ನೋಡೋಣ. ಅದಕ್ಕೆ ಬೇಕಾದದ್ದು ಗಾಳಿ, ಪೆಟ್ರೋಲ್, ಸರಿಯಾದ ಹೊತ್ತಿಗೆ ಕಿಡಿ, ಸಿಲಿಂಡರ್‌ನಲ್ಲಿ ಸಾಕಷ್ಟು ಕಂಪ್ರೆಶನ್. ಶುದ್ಧ ಪೆಟ್ರೋಲಾದರೆ ಒಂದು ಗ್ರಾಂ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಈ ಲೆಕ್ಕವನ್ನು ಹಾಕುವುದು ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು.

ಆಕ್ಸಿಲರೇಟರ್ ಬಿಟ್ಟ ಕೂಡಲೇ ಆಫ್ ಆಗಿ, ಓಡುವಾಗ ಸರಿಯಿದ್ದರೆ ಮೊದಲು ಇಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ನೋಡಿ. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಸುಮ್ಮನೆ ತಿರುಗುವಾಗ, ಅದರ ತಟ್ಟೆ ಹೆಚ್ಚೂಕಡಿಮೆ ಮುಚ್ಚಿರುತ್ತದೆ. ಅಂಚಿನ ಕಿರಿದಾದ ಸಂದಿಯಲ್ಲಿ, ಹಳೆಯ ಮಾದರಿಗಳಲ್ಲಾದರೆ ಐಡಲ್ ವಾಲ್ವ್ ಮೂಲಕ, ಗಾಳಿ ನುಗ್ಗಬೇಕು. ಅಲ್ಲಿ ಎಣ್ಣೆಮಿಶ್ರಿತ ಮಸಿ ಕಟ್ಟಿಕೊಂಡರೆ ಇಂಜಿನ್‌ಗೆ ಉಸಿರು ಸಾಲದು. ಎಸಿ ಕಂಪ್ರೆಸರ್ ಹೊರೆ ಬಿದ್ದಾಗ ನಡುಗಿ ನಿಲ್ಲುವುದೂ ಹಲವು ಸಲ ಇದರಿಂದಲೇ. ಕ್ಲೀನರ್ ಸ್ಪ್ರೇ ಹಾಕಿ ಬಟ್ಟೆಯಿಂದ ಒರೆಸಿದರೆ ಸಾಕು. ಆದರೆ ಎಲೆಕ್ಟ್ರಾನಿಕ್ ಥ್ರಾಟಲ್ ಇದ್ದರೆ ತಟ್ಟೆಯನ್ನು ಬೆರಳಿನಿಂದ ಒತ್ತಿ ತಿರುಗಿಸಬೇಡಿ, ಒಳಗೆ ಪ್ಲಾಸ್ಟಿಕ್ ಗಿಯರುಗಳಿರುತ್ತವೆ. ತೊಳೆದ ಮೇಲೆ ಐಡಲ್ ಏರಿ ನಿಂತರೆ ಗಾಬರಿ ಬೇಡ. ಕೆಲವು ಗಾಡಿಗಳಲ್ಲಿ ಇಸಿಯುಗೆ ಹೊಸ ಸ್ಥಿತಿಯನ್ನು ಸ್ಕ್ಯಾನರ್‌ನಿಂದ ಕಲಿಸಬೇಕಾಗುತ್ತದೆ.

ಮಿಶ್ರಣದ ತೊಂದರೆ ಹಿಡಿಯಲು ನನಗೆ ಅತ್ಯಂತ ಉಪಯುಕ್ತ ಅನ್ನಿಸುವುದು ಫ್ಯುಯಲ್ ಟ್ರಿಮ್. ಸ್ಟಿಯರಿಂಗ್ ಕೆಳಗೆ ಸ್ಕ್ಯಾನರ್ ಸಿಕ್ಕಿಸುವ ಒಬಿಡಿ ಪೋರ್ಟಿಗೆ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿದರೆ ಮೊಬೈಲ್‌ನಲ್ಲೇ ಕಾಣುತ್ತದೆ. ಸೈಲೆನ್ಸರ್ ಕಡೆಗಿರುವ ಆಕ್ಸಿಜನ್ ಸೆನ್ಸರ್ ಹೇಳಿದ್ದನ್ನು ಕೇಳಿ ಇಸಿಯು ತನ್ನ ಲೆಕ್ಕಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಸುರಿಯುತ್ತಿದೆ ಎಂಬ ಶೇಕಡಾವಾರು ತಿದ್ದುಪಡಿ ಇದು. ಆ ಕ್ಷಣದ ಶಾರ್ಟ್ ಟ್ರಿಮ್ ಮತ್ತು ದೀರ್ಘಕಾಲದ ಲಾಂಗ್ ಟ್ರಿಮ್ ಎರಡನ್ನೂ ಕೂಡಿದಾಗ ಪ್ಲಸ್ ಅಥವಾ ಮೈನಸ್ ಹತ್ತರೊಳಗೆ ಇದ್ದರೆ ಚಿಂತೆಯಿಲ್ಲ. ಪ್ಲಸ್ ಇಪ್ಪತ್ತು, ಇಪ್ಪತ್ತೈದು ಎಂದರೆ ಮಿಶ್ರಣ ತೆಳುವಾಗಿದೆ. ಇದು ಮುಂದುವರಿದರೆ ಪಿ0171 ಎಂಬ ದೋಷದ ಕೋಡ್ ಬೀಳುತ್ತದೆ. ಕೋಡ್ ಅಷ್ಟಕ್ಕೇ ಸುಮ್ಮನಾಗುತ್ತದೆ, ಕಾರಣ ತಿಳಿಸುವುದು ಟ್ರಿಮ್ ಏರಿಳಿಯುವ ರೀತಿ. ಐಡಲ್‌ನಲ್ಲಿ ಹೆಚ್ಚಿದ್ದು, 2500 ಆರ್‌ಪಿಎಂಗೆ ಏರಿಸಿದಾಗ ಸೊನ್ನೆಯ ಹತ್ತಿರ ಇಳಿದರೆ ಎಲ್ಲೋ ಹೋಸ್ ಬಿರಿದು ಅಥವಾ ಗ್ಯಾಸ್ಕೆಟ್ ಬಿಟ್ಟು ಗಾಳಿ ಒಳನುಗ್ಗುತ್ತಿದೆ. ಸೋರಿಕೆ ಅಷ್ಟೇ ಇದ್ದರೂ ಹೆಚ್ಚು ಗಾಳಿ ಎಳೆಯುವಾಗ ಅದರ ಪಾಲು ಸಣ್ಣದಾಗುತ್ತದೆ. ಬದಲಿಗೆ ಐಡಲ್‌ನಲ್ಲಿ ಸರಿಯಿದ್ದು, ಶಿರಾಡಿ ಘಾಟಿಯಂಥ ಏರು ಹತ್ತುವಾಗ ಪ್ಲಸ್ ಕಡೆ ಏರುತ್ತ ಎಳೆತ ಬಿಟ್ಟರೆ ಪೆಟ್ರೋಲೇ ಸಾಲುತ್ತಿಲ್ಲ. ಆಗ ಫ್ಯುಯಲ್ ಪ್ರೆಶರ್ ಅಳೆಸಿ, ಪಂಪು ಮತ್ತು ಫಿಲ್ಟರ್ ನೋಡಿಸಿ.

ಇಲ್ಲೊಂದು ತೊಡಕಿದೆ. ಹೀಗೆ ಸೋರಿಕೆ ಪತ್ತೆಯಾಗುವುದು ಮುಖ್ಯವಾಗಿ ಗಾಳಿಯ ಹರಿವು ಅಳೆಯುವ ಎಂಎಎಫ್ ಸೆನ್ಸರ್ ಇರುವ ಗಾಡಿಗಳಲ್ಲಿ. ನಮ್ಮ ಅನೇಕ ಸಣ್ಣ ಕಾರುಗಳು ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಎಂಎಪಿ ಸೆನ್ಸರ್ ನಂಬಿಕೊಂಡಿವೆ. ಅಲ್ಲಿ ಕಳ್ಳಗಾಳಿಯೂ ಲೆಕ್ಕಕ್ಕೆ ಸಿಗುವುದರಿಂದ ಟ್ರಿಮ್ ಸುಮ್ಮನಿರಬಹುದು, ಐಡಲ್ ಮಾತ್ರ ಏರಿ ನಿಲ್ಲುತ್ತದೆ ಅಥವಾ ತೂಗಾಡುತ್ತದೆ.

ತಾಳ ತಪ್ಪಿ ಮಿಸ್ ಹೊಡೆಯುವ ಗಾಡಿಯದು ಬೇರೆ ಕಥೆ. ಪಿ0302 ಬಿದ್ದರೆ ಎರಡನೇ ಸಿಲಿಂಡರ್. ಪ್ರತಿ ಸಿಲಿಂಡರ್‌ಗೂ ಪ್ರತ್ಯೇಕ ಕಾಯಿಲ್ ಇದ್ದರೆ ಹೊಸದನ್ನು ಕೊಳ್ಳುವ ಮುಂಚೆ ಎರಡನೆಯದನ್ನು ಮೂರಕ್ಕೂ ಮೂರರದ್ದನ್ನು ಎರಡಕ್ಕೂ ಹಾಕಿ ಓಡಿಸಿ. ಕೋಡ್ ಪಿ0303 ಆದರೆ ಕಾಯಿಲ್ ಹೋಗಿದೆ. ಎರಡರಲ್ಲೇ ಉಳಿದರೆ ಪ್ಲಗ್, ಇಂಜೆಕ್ಟರ್, ಕಂಪ್ರೆಶನ್ ಎಂದು ಮುಂದೆ ಹೋಗಿ. ಚೆಕ್ ಇಂಜಿನ್ ದೀಪ ಮಿನುಗುತ್ತಿದ್ದರೆ ಮಾತ್ರ ಓಡಿಸುವುದನ್ನು ನಿಲ್ಲಿಸಬೇಕು, ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನೇ ಸುಡುತ್ತದೆ.

ಚೆನ್ನಾಗಿ ಓಡುತ್ತಿದ್ದು, ಬಿಸಿಯಾದ ಮೇಲೆ ಸ್ವಿಚ್ ಆರಿಸಿದಂತೆ ಒಮ್ಮೆಲೇ ನಿಂತು, ಅರ್ಧ ಗಂಟೆ ಬಿಟ್ಟರೆ ಏನೂ ಆಗದವರಂತೆ ಸ್ಟಾರ್ಟ್ ಆಗುತ್ತದೆಯೇ? ಇಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ ಪಡಿ. ನಿಂತ ಹೊತ್ತಿನಲ್ಲೇ ಸೆಲ್ಫ್ ಹೊಡೆದಾಗ ಸ್ಕ್ಯಾನರ್‌ನಲ್ಲಿ ಆರ್‌ಪಿಎಂ ಸೊನ್ನೆಯಲ್ಲೇ ಇದ್ದರೆ ಅನುಮಾನ ಬಲವಾಗುತ್ತದೆ. ಗ್ಯಾರೇಜ್ ಮುಟ್ಟುವ ಹೊತ್ತಿಗೆ ಅದು ತಣ್ಣಗಾಗಿ ಸರಿಹೋಗಿರುತ್ತದೆ, ಅದಕ್ಕೇ ಇದು ಮೆಕ್ಯಾನಿಕ್ ಕೈಗೆ ಸಿಗುವುದಿಲ್ಲ.

ಬಂಕ್‌ನಲ್ಲಿ ತುಂಬಿಸಿದ ಬೆನ್ನಿಗೇ ತೊಂದರೆ ಶುರುವಾದರೆ, ಅದರಲ್ಲೂ ಮಳೆಗಾಲದಲ್ಲಿ, ಟ್ಯಾಂಕಿನಿಂದ ಒಂದಿಷ್ಟು ತೆಗೆದು ಗಾಜಿನ ಬಾಟಲಿಯಲ್ಲಿಟ್ಟು ನೋಡಿ. ಪೆಟ್ರೋಲ್‌ನಲ್ಲಿ ಬೆರೆಸುವ ಎಥೆನಾಲ್ ನೀರನ್ನು ಹೀರುತ್ತದೆ. ಮಿತಿ ಮೀರಿದರೆ ಎರಡೂ ಸೇರಿ ಬೇರೆ ಪದರವಾಗಿ ತಳಕ್ಕಿಳಿಯುತ್ತವೆ, ಪಂಪು ಎಳೆಯುವುದೂ ತಳದಿಂದಲೇ.

ಯಾವಾಗ ಎಂದು ನಿಮಗೆ ನೆನಪಿಲ್ಲದಿದ್ದರೂ ಗಾಡಿ ಬರೆದಿಟ್ಟುಕೊಂಡಿರಬಹುದು. ಕೋಡ್ ಬಿದ್ದ ಕ್ಷಣದ ವೇಗ, ಆರ್‌ಪಿಎಂ, ಕೂಲೆಂಟ್ ಬಿಸಿ, ಇಂಜಿನ್ ಹೊರೆ ಫ್ರೀಜ್ ಫ್ರೇಮ್ ಎಂಬ ದಾಖಲೆಯಲ್ಲಿ ಉಳಿಯುತ್ತವೆ. ಕೋಡ್ ಅಳಿಸಿದರೆ ಅದೂ ಹೋಗುತ್ತದೆ, ಹಲವು ಗಾಡಿಗಳಲ್ಲಿ ಬ್ಯಾಟರಿ ಕಳಚಿದರೂ ಅಷ್ಟೇ. ಆದ್ದರಿಂದ ಮೆಕ್ಯಾನಿಕ್ ಸ್ಕ್ಯಾನರ್ ಸಿಕ್ಕಿಸಿ ‘ಕ್ಲಿಯರ್ ಮಾಡಿಬಿಡ್ಲಾ ಸಾರ್?’ ಎಂದಾಗ ತಡೆಯಿರಿ, ಆ ಪುಟದ ಫೋಟೊ ತೆಗೆದುಕೊಂಡ ಮೇಲೆ ಹೂಂ ಅನ್ನಿ.