ಎತ್ತಿದ ಕೈ, ಇಳಿಬಿಟ್ಟ ಕೈ

ಬಾಣಾವರದ ಸುತ್ತಿನ ತೆಂಗಿನ ತೋಟಗಳಲ್ಲಿ ಬಿದಿರ ಗಳದ ತುದಿಗೆ ಕುಡುಗೋಲು ಕಟ್ಟಿ ಕಾಯಿ ಕೀಳುವವರನ್ನು ನಾವು ಎಷ್ಟೋ ಸಲ ನೋಡಿದ್ದೇವೆ. ನಾಲ್ಕು ಗೊನೆ ಇಳಿಸಿದ ಮೇಲೆ ಅವರು ಗಳವನ್ನು ಮರಕ್ಕೆ ಒರಗಿಸಿ, ಕೈಗಳನ್ನು ಕೆಳಗೆ ಬಿಟ್ಟು ಕೊಡವುತ್ತಾರೆ. ಗಳದ ಭಾರವೊಂದೇ ಇದಕ್ಕೆ ಕಾರಣವೆನ್ನಲಾಗದು. ಬರಿಗೈಯನ್ನೇ ಮೇಲೆತ್ತಿ ಹಿಡಿದರೂ ಅದು ಬೇಗನೆ ಸೋಲುತ್ತದೆ.

ವಾಚಕರು ಒಂದು ಪ್ರಯೋಗ ಮಾಡಬಹುದು. ಬಲಗೈಯನ್ನು ತಲೆಯ ಮೇಲೆ ನೆಟ್ಟಗೆ ಎತ್ತಿ, ಎಡಗೈಯನ್ನು ಇಳಿಬಿಟ್ಟು, ಒಂದು ನಿಮಿಷ ನಿಲ್ಲಿರಿ. ಬಳಿಕ ಎರಡನ್ನೂ ಎದೆಯ ಮುಂದೆ ತಂದು ಕೂಡಲೇ ನೋಡಿರಿ. ಬಲ ಅಂಗೈ ಬಿಳಿಚಿರುತ್ತದೆ. ಎಡಗೈಯ ಬೆನ್ನಿನಲ್ಲಿ ಸಿರೆಗಳು ಉಬ್ಬಿರುತ್ತವೆ.

ತೊಟ್ಟಿಯ ನೀರು ಕೆಳಗಿನ ಮನೆಯ ನಲ್ಲಿಯಲ್ಲಿ ರಭಸದಿಂದಲೂ ಮಹಡಿಯ ನಲ್ಲಿಯಲ್ಲಿ ಮೆಲ್ಲಗೂ ಬೀಳುವುದಷ್ಟೆ. ರಕ್ತವೂ ದ್ರವವೇ. ಪಾದರಸವು ರಕ್ತಕ್ಕಿಂತ ಸುಮಾರು 13 ಪಟ್ಟು ಸಾಂದ್ರವಾದುದರಿಂದ, 13 ಸೆಂಟಿಮೀಟರು ರಕ್ತದ ಕಂಬವು 1 ಸೆಂಟಿಮೀಟರು ಪಾದರಸದ ಕಂಬಕ್ಕೆ ಸಮ. ಹೃದಯದ ಮಟ್ಟದಲ್ಲಿ ಧಮನಿಯ ಸರಾಸರಿ ಒತ್ತಡ 93 ಮಿಲಿಮೀಟರು ಪಾದರಸವೆಂದಿಟ್ಟುಕೊಂಡರೆ, 50 ಸೆಂಟಿಮೀಟರು ಮೇಲೆತ್ತಿದ ಕೈಯಲ್ಲಿ ಅದು ಸುಮಾರು 55ಕ್ಕೆ ಇಳಿಯುತ್ತದೆ. ಅಷ್ಟೇ ಕೆಳಗಿರುವ ಕೈಯಲ್ಲಿ 131ಕ್ಕೆ ಏರುತ್ತದೆ.

ಹಾಗಾದರೆ ಇಳಿಬಿಟ್ಟ ಕೈಯಲ್ಲಿ ರಕ್ತ ಹೆಚ್ಚಾಗಿ ಹರಿಯುವುದೇ? ನಮ್ಮ ವಿದ್ಯಾರ್ಥಿಗಳು ತಡವಿಲ್ಲದೆ ಹೌದೆನ್ನುತ್ತಾರೆ, ತಪ್ಪುವುದು ಇಲ್ಲಿಯೇ. ಕೆರೆ ತುಂಬಿರುವುದು ಬೇರೆ, ಕಾಲುವೆ ಹರಿಯುವುದು ಬೇರೆ. ಹರಿವನ್ನು ನಡೆಸುವುದು ಧಮನಿಗೂ ಸಿರೆಗೂ ನಡುವಣ ಒತ್ತಡದ ಅಂತರ. ಕೈ ಕೆಳಗಿದ್ದಾಗ ಎರಡರಲ್ಲಿಯೂ ಒತ್ತಡ ಸಮನಾಗಿ ಏರುವುದರಿಂದ ಅಂತರ ಹೆಚ್ಚುವುದಿಲ್ಲ. ಅದೂ ಅಲ್ಲದೆ, ಸಿರೆಗಳು ಉಬ್ಬಿದೊಡನೆ ಕಿರುಧಮನಿಗಳು ಸಂಕುಚಿಸಿ ಹರಿವನ್ನು ತುಸು ತಗ್ಗಿಸುತ್ತವೆ. ಕೈಯನ್ನು ಎತ್ತಿದಾಗಲಾದರೋ ಧಮನಿಯ ಒತ್ತಡ ಇಳಿಯುತ್ತ ಹೋಗುತ್ತದೆ. ತೆಳುಗೋಡೆಯ ಸಿರೆಗಳು ಮಾತ್ರ ಬರಿದಾಗಿ ಚಪ್ಪಟೆಯಾಗುವುದರಿಂದ ಅವುಗಳ ಒತ್ತಡ ಹೆಚ್ಚು ಇಳಿಯಲಾರದು. ಅಂತರ ಕುಗ್ಗುತ್ತದೆ. ಕಿರುಧಮನಿಗಳು ಹಿಗ್ಗಿ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಲು ಯತ್ನಿಸುತ್ತವೆ. ಆದರೆ ದುಡಿಯುತ್ತಿರುವ ಸ್ನಾಯುವಿಗೆ ಅಷ್ಟು ಸಾಲದು. (ಸಿರೆಗಳಲ್ಲಿ ರಕ್ತ ಹೃದಯದ ಕಡೆಗೇ ಹರಿಯುವುದೆಂದು ವಿಲಿಯಂ ಹಾರ್ವೆ 1628ರಲ್ಲಿ ತೋರಿಸಿಕೊಟ್ಟದ್ದೂ ಕಟ್ಟು ಹಾಕಿದ ತೋಳಿನ ಮೇಲೆಯೇ.)

ಈ ಲೆಕ್ಕ ಬರಿಯ ಪಾಠದ ವಿಷಯವಲ್ಲ. ನಮ್ಮ ಸೋದರತ್ತೆಯವರ ರಕ್ತದ ಒತ್ತಡವನ್ನು ಒಂದೆಡೆ ಕೈಯನ್ನು ಕುರ್ಚಿಯ ಪಕ್ಕಕ್ಕೆ ಇಳಿಬಿಡಿಸಿಯೇ ಅಳೆದರು. ಮೇಲಿನ ಅಂಕಿ 146 ಬಂದಿತು. ಗುಳಿಗೆಯ ಮಾತೂ ಬಂದಿತು. ತೋಳಪಟ್ಟಿ ಹೃದಯದ ಮಟ್ಟಕ್ಕಿಂತ 10 ಸೆಂಟಿಮೀಟರು ತಗ್ಗಿನಲ್ಲಿದ್ದರೆ ಸುಮಾರು 8 ಮಿಲಿಮೀಟರು ಹೆಚ್ಚು ತೋರಲೇಬೇಕು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 133 ಮಂದಿಯನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ಫಲಿತಾಂಶವೂ ಇದಕ್ಕೆ ಹತ್ತಿರವಾಗಿದೆ: ಕೈಯನ್ನು ಮೇಜಿನ ಮೇಲಿರಿಸಿದಾಗಿನದಕ್ಕಿಂತ, ತೊಡೆಯ ಮೇಲಿಟ್ಟಾಗ ಸುಮಾರು 4, ಇಳಿಬಿಟ್ಟಾಗ ಸುಮಾರು 6.5 ಮಿಲಿಮೀಟರು ಹೆಚ್ಚು.

ಮರುವಾರ ಬೇರೊಬ್ಬ ವೈದ್ಯರು ಕೈಯನ್ನು ಮೇಜಿನ ಮೇಲೆ ಎದೆಯ ಮಟ್ಟದಲ್ಲಿರಿಸಿ ಎರಡು ಸಲ ಅಳೆದರು. ಎರಡು ಸಲವೂ 138. ಗುಳಿಗೆಯನ್ನು ಅವರೇ ಮುಂದೂಡಿದರು. ಈಗ ಅತ್ತೆಯವರು ಅಳೆಯಲು ಬರುವವರಿಗಿಂತ ಮೊದಲೇ ಮೇಜಿನ ಮೇಲೆ ದಿಂಬನ್ನಿಟ್ಟು ಕೈ ಚಾಚಿ ಕುಳಿತಿರುತ್ತಾರೆ.