ನಮ್ಮೂರ ಟಾಕೀಸಿಗೊಂದು ಪೋಸ್ಟರ್

ಸಂತೆಗೆ ಹೊರಟಾಗ ಟಾಕೀಸಿನ ಗೋಡೆ ಕಂಡರೆ ನೀವೂ ಒಮ್ಮೆ ಕತ್ತೆತ್ತಿ ಪೋಸ್ಟರ್ ನೋಡಿಯೇ ಮುಂದಕ್ಕೆ ಹೋಗುತ್ತೀರಿ, ಅಲ್ಲವೇ? ಆದರೆ ಆ ಪೋಸ್ಟರ್ ಯಾವಾಗಲೂ ಸಿನಿಮಾದ್ದು. ಟಾಕೀಸಿಗೇ ಒಂದು ಪೋಸ್ಟರ್ ಬೇಕು ಅಂತ ಯಾರಿಗಾದರೂ ಅನ್ನಿಸಿದೆಯೇ?

ನಮ್ಮ ಮಹಿಳಾ ಮಂಡಲಿಗೆ ಅಂಥದೊಂದು ಕೆಲಸ ಬಂತು. ಊರಿನ ಟಾಕೀಸಿಗೆ ಐವತ್ತು ವರ್ಷ ದಾಟಿದೆ. ಮಾಲೀಕರು ಅದನ್ನು ಕೆಡವಿ ಕಲ್ಯಾಣಮಂಟಪ ಕಟ್ಟುವ ಯೋಚನೆಯಲ್ಲಿದ್ದಾರೆ. "ಒಂದು ವಾರ ಹಳೇ ಚಿತ್ರ ಹಾಕ್ತೀನಮ್ಮಾ, ಜನ ಬಂದ್ರೆ ಆಮೇಲೆ ನೋಡೋಣ" ಅಂದರು. ಜನರನ್ನು ಕರೆಯುವ ಪೋಸ್ಟರಿನ ಹೊಣೆ ನಮ್ಮ ಪಾಲಿಗೆ ಬಂತು.

ಅವರನ್ನು ದೂರುವಂತೆಯೂ ಇಲ್ಲ. 1972ರ 'ಬಂಗಾರದ ಮನುಷ್ಯ' ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಕಾಲ ಬೇರೆ. 1968ರಲ್ಲಿ ಬಾಗಿಲು ತೆರೆದ ಬೆಂಗಳೂರಿನ ಕಪಾಲಿ ಈಗ ನೆನಪು ಮಾತ್ರ. ಮೈಸೂರಿನ ಶಾಂತಲಾ 2020ರಲ್ಲಿ ಮುಚ್ಚಿತು. ದೊಡ್ಡ ಊರುಗಳ ಪಾಡೇ ಹೀಗಾದರೆ ನಮ್ಮಂಥ ಸಣ್ಣ ಊರಿನ ಮಾತೇನು?

ಮೊದಲು ನೆನಪು, ಆಮೇಲೆ ಬಣ್ಣ

ಪೆನ್ಸಿಲ್ ಹಿಡಿಯುವ ಮೊದಲು ನಾವು ನಾಲ್ಕು ಮನೆ ಸುತ್ತಿದೆವು. "ಟಾಕೀಸು ಅಂದ ತಕ್ಷಣ ನಿಮಗೆ ಏನು ನೆನಪಾಗತ್ತೆ?" ಇದೊಂದೇ ಪ್ರಶ್ನೆ. ಒಬ್ಬರು ಹೆಂಗಸರ ಟಿಕೇಟು ಕಿಟಕಿ ಅಂದರು. ಇನ್ನೊಬ್ಬರು ತಲೆಯ ಮೇಲೆ ಹಾದುಹೋಗುವ ಬೆಳಕು, ಅದರಲ್ಲಿ ಕುಣಿಯುವ ದೂಳು ಅಂದರು. ಎಂಬತ್ತು ದಾಟಿದ ಅಜ್ಜಿಯೊಬ್ಬರು, "ಶರಪಂಜರ ನೋಡಿ ಬಂದ ರಾತ್ರಿ ನಂಗೆ ನಿದ್ದೆ ಬರಲಿಲ್ಲ ಕಣೇ" ಅಂದರು. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲರು 1971ರಲ್ಲಿ ತೆರೆಗೆ ತಂದ ಚಿತ್ರ ಅದು. ಮನೆಯಲ್ಲಿ ಬಾಯಿಬಿಟ್ಟು ಆಡಲಾಗದ ಮಾತನ್ನು ಹೆಂಗಸರು ಕತ್ತಲಲ್ಲಿ ಕೂತು ಕೇಳಿ ಬಂದದ್ದು ಇಂಥ ಟಾಕೀಸುಗಳಲ್ಲೇ.

ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಮೂರು ಅಂಗುಲ ಅಗಲ, ನಾಲ್ಕು ಅಂಗುಲ ಎತ್ತರದ ಚೌಕಗಳನ್ನು ಎಳೆದು, ಒಂದೊಂದರಲ್ಲಿ ಒಂದೊಂದು ಕಲ್ಪನೆ ಬರೆದೆವು. ಸಿನಿಮಾ ಪೋಸ್ಟರಿನ ಒಂದು ಹಾಳೆ ಸಾಮಾನ್ಯವಾಗಿ 30 ಅಂಗುಲಕ್ಕೆ 40 ಅಂಗುಲ. ಸಣ್ಣ ಚೌಕದ ಅಳತೆಯೂ ಅದೇ ಲೆಕ್ಕಕ್ಕೆ ಬರುವುದರಿಂದ ಆಮೇಲೆ ಹತ್ತರಷ್ಟು ಹಿಗ್ಗಿಸಿದರಾಯಿತು.

ಮೂರು ಕಲ್ಪನೆ ಉಳಿದವು. ಒಂದು, ಟಾಕೀಸಿನ ಮುಂದೆ ನಿಂತ ಎತ್ತಿನ ಗಾಡಿಗಳ ಸಾಲು. ಎರಡು, ಕಪ್ಪು ಹಾಳೆಯ ಮೇಲೆ ಅಗಲವಾಗುತ್ತಾ ಹೋಗುವ ಹಳದಿ ಬೆಳಕು. ಮೂರು, ಕಮಾನಿನ ಪುಟ್ಟ ಕಿಟಕಿಯೊಳಕ್ಕೆ ಚಿಲ್ಲರೆ ಹಿಡಿದು ಚಾಚಿದ ಬಳೆ ತೊಟ್ಟ ಕೈ.

ಮೂರನ್ನೂ ಗೋಡೆಗೆ ಅಂಟಿಸಿ ದೂರ ನಿಂತು ನೋಡಿದೆವು. ಗಾಡಿಗಳು ಇರುವೆ ಸಾಲಿನಂತೆ ಕಂಡವು. ಬೆಳಕು ಚೆನ್ನಾಗಿತ್ತು, ಆದರೆ ಅದು ಯಾವ ಊರಿನದಾದರೂ ಆಗಬಹುದಿತ್ತು. ಕೈ ಮಾತ್ರ ನಮ್ಮದೇ ಕೈ! ಅದನ್ನೇ ಇಟ್ಟುಕೊಂಡೆವು. ನಟನಟಿಯರ ಮುಖ ಇಲ್ಲದ್ದರಿಂದ ಯಾರ ಫೋಟೋಗೂ ಅಪ್ಪಣೆ ಕೇಳುವ ತಾಪತ್ರಯ ಬರಲಿಲ್ಲ.

ನೀವೂ ಮಾಡುವುದಾದರೆ

* ಚಿತ್ರ ಒಂದೇ ಇರಲಿ. ಒಗ್ಗರಣೆಗೆ ಡಬ್ಬಿಯಲ್ಲಿರುವುದನ್ನೆಲ್ಲ ಸುರಿಯುತ್ತೇವೆಯೇ? ಪೋಸ್ಟರಿಗೂ ಅದೇ ಮಾತು.

* ಹತ್ತು ಅಡಿ ದೂರಕ್ಕೆ ಒಂದು ಅಂಗುಲ ಎತ್ತರದ ಅಕ್ಷರ ಎಂಬ ಲೆಕ್ಕ ಹಿಡಿಯಿರಿ. ರಸ್ತೆಯ ಆಚೆ ಬದಿಯಿಂದ ಓದಬೇಕಾದರೆ ಮೂರು ಅಂಗುಲಕ್ಕಿಂತ ಕಡಿಮೆ ಬೇಡ.

* ನಮ್ಮ ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಎರಡು ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಿ. ಇಲ್ಲದಿದ್ದರೆ ಮೇಲಿನ ಒತ್ತು ಕೆಳಗಿನ ತಲೆಕಟ್ಟಿಗೆ ತಾಗಿ ಎರಡೂ ಓದಲಾಗದು.

* ಬಣ್ಣ ಮೂರು ಸಾಕು. ಹಳದಿ ಹಾಳೆಯ ಮೇಲೆ ಕಪ್ಪು ಅಕ್ಷರ ದೂರಕ್ಕೂ ಕಾಣುತ್ತದೆ. ಕೆಂಪು ಬಳೆಗೆ ಮಾತ್ರ ಇರಲಿ.

* ಟಾಕೀಸು ಶುರುವಾದ ವರ್ಷವನ್ನು ಬಾಯಿಮಾತಿನ ಮೇಲೆ ಬರೆಯಬೇಡಿ. ಮಾಲೀಕರ ಹತ್ತಿರ ಲೈಸೆನ್ಸಿನ ಹಳೇ ಕಾಗದ ಇದ್ದರೆ ಕೇಳಿ ನೋಡಿ.

* ದಿನ, ವೇಳೆ, ಟಿಕೇಟಿನ ದರ ಮರೆಯಬೇಡಿ. ಬರುವವರಿಗೆ ಬೇಕಾದ್ದು ಅದೇ.

ಅಂಟು ಮನೆಯದೇ

ಒಂದು ಲೋಟ ಮೈದಾವನ್ನು ಒಂದು ಲೋಟ ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ. ಕುದಿಯುವ ನಾಲ್ಕು ಲೋಟ ನೀರಿಗೆ ಸುರಿದು, ಗಂಜಿಯ ಹದ ಬರುವವರೆಗೆ ಕೈಬಿಡದೆ ತಿರುವಿ. ಆರಿದ ಮೇಲೆ ಬಳಸಿ. ಹುಳ ಬರದಿರಲೆಂದು ಇದಕ್ಕೆ ಮೈಲುತುತ್ತ ಸೇರಿಸುವವರುಂಟು. ನೀವು ಖಂಡಿತ ಸೇರಿಸಬೇಡಿ, ಅದು ವಿಷ. ಮೈದಾ ವಾಸನೆಗೆ ಪೋಸ್ಟರ್ ಎಳೆದು ತಿನ್ನುವ ಹಸುಗಳು ನಮ್ಮ ಬೀದಿಯಲ್ಲಿ ಎಷ್ಟಿಲ್ಲ! ಪೋಸ್ಟರನ್ನು ದನಗಳ ಬಾಯಿಗೆ ಎಟುಕದಷ್ಟು ಎತ್ತರಕ್ಕೆ ಅಂಟಿಸಿದರಾಯಿತು.

ಕಂಡಕಂಡ ಗೋಡೆಗೆ ಅಂಟಿಸುವಂತೆಯೂ ಇಲ್ಲ. ಸಾರ್ವಜನಿಕ ಸ್ಥಳಗಳ ಅಂದ ಕೆಡಿಸುವುದನ್ನು ತಡೆಯಲು 1981ರ ಕರ್ನಾಟಕದ ಕಾಯಿದೆಯೇ ಇದೆ. ನಾವು ಟಾಕೀಸಿನ ಸ್ವಂತ ಬೋರ್ಡು, ಹಾಲಿನ ಅಂಗಡಿ, ಹಿಟ್ಟಿನ ಗಿರಣಿ, ಹೊಲಿಗೆ ಅಂಗಡಿಗಳಲ್ಲಿ ಕೇಳಿಕೊಂಡು ಹಾಕಿದೆವು. ಹೆಂಗಸರು ದಿನಾ ಓಡಾಡುವ ಜಾಗಗಳು ಅವೇ ತಾನೇ?

ಭಾನುವಾರದ ಮ್ಯಾಟಿನಿಗೆ ಹೆಂಗಸರ ಸಾಲು ಗೇಟಿನವರೆಗೆ ಬಂದಿತ್ತು. ಉಳಿದ ದಿನ ಅರ್ಧ ಖಾಲಿ. ಮಾಲೀಕರು ಇನ್ನೂ ಏನೂ ತೀರ್ಮಾನಿಸಿಲ್ಲ. ತಿಂಗಳಿಗೊಂದು ಭಾನುವಾರವಾದರೂ ಹೀಗೆ ನಡೆಸಿ ಅಂತ ಮಂಡಲಿಯಿಂದ ಅವರಿಗೆ ಪತ್ರ ಕೊಟ್ಟಿದ್ದೇವೆ. ನಿಮ್ಮೂರಿನಲ್ಲೂ ಹಳೇ ಟಾಕೀಸು ಉಳಿದಿದ್ದರೆ, ಅದರ ಬಾಗಿಲು ಮುಚ್ಚುವ ಮೊದಲೇ ಒಮ್ಮೆ ಹೋಗಿ ಮಾಲೀಕರನ್ನು ಮಾತಾಡಿಸಿ ಬನ್ನಿ.