ಆಪ್ಷನ್ ಎಂಟ್ರಿ: ಮೊದಲ ಸಾಲಿನಲ್ಲಿ ಏನು ಬರೆಯಬೇಕು?

ಸಿಇಟಿ ಫಲಿತಾಂಶ ಬಂದ ದಿನ ಎಲ್ಲರೂ ಕೇಳುವುದು ರ‍್ಯಾಂಕ್. ಎಂಜಿನಿಯರಿಂಗ್‌ನಲ್ಲಿ ಅದಕ್ಕೆ ದ್ವಿತೀಯ ಪಿಯುಸಿಯ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಬಂದ ರ‍್ಯಾಂಕ್ ಬಂದಾಯಿತು. ಇನ್ನೂ ನಿಮ್ಮ ಕೈಯಲ್ಲಿರುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪೋರ್ಟಲ್‌ನಲ್ಲಿ ತುಂಬುವ ಆಪ್ಷನ್ ಪಟ್ಟಿ. ಮುಂದಿನ ನಾಲ್ಕು ವರ್ಷ ಏನು ಓದುತ್ತೀರಿ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ.

ಪಟ್ಟಿಯ ಒಂದೊಂದು ಸಾಲೂ ಒಂದು ಕಾಲೇಜು, ಒಂದು ಕೋರ್ಸ್. ನಿಮಗಿಂತ ಮುಂದಿನ ರ‍್ಯಾಂಕಿನವರಿಗೆ ಹಂಚಿದ ಮೇಲೆ ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ನೋಡುತ್ತ ಬರುತ್ತದೆ. ಮೊದಲ ಸಾಲಿನಲ್ಲಿ ಬೆಂಗಳೂರಿನ ಯುವಿಸಿಇಯ ಕಂಪ್ಯೂಟರ್ ಸೈನ್ಸ್ ಇದೆ ಎನ್ನಿ, ಸೀಟು ಖಾಲಿಯಿಲ್ಲ. ಎರಡನೆಯದೂ ತುಂಬಿದೆ. ಮೂರನೆಯದು ಹಾಸನದ ಸರ್ಕಾರಿ ಕಾಲೇಜಿನ ಸಿವಿಲ್. ಸೀಟಿದೆ, ಅದೇ ನಿಮ್ಮದು. ನಿಮಗೆ ನಿಜಕ್ಕೂ ಬೇಕಿದ್ದದ್ದು ನಾಲ್ಕನೆಯ ಸಾಲಿನ ದಾವಣಗೆರೆ ಯುಬಿಡಿಟಿಯ ಎಲೆಕ್ಟ್ರಿಕಲ್ ಆಗಿದ್ದರೆ, ಅಲ್ಲಿ ಸೀಟು ಉಳಿದಿದ್ದರೂ ಆ ಸುತ್ತಿನಲ್ಲಿ ಕಂಪ್ಯೂಟರ್ ಅತ್ತ ನೋಡುವುದಿಲ್ಲ.

ಆದ್ದರಿಂದ ಕೈಗೆಟುಕದು ಎನಿಸುವ ಸೀಟನ್ನು ಮೇಲೆ ಬರೆದರೆ ನಷ್ಟವೇನೂ ಇಲ್ಲ. ನಷ್ಟವಾಗುವುದು ಕಡಿಮೆ ಇಷ್ಟದ್ದನ್ನು ಹೆಚ್ಚು ಇಷ್ಟದ್ದರ ಮೇಲೆ ಬರೆದಾಗ. ಕಳೆದ ವರ್ಷದ ಕಟ್‌ಆಫ್ ಹಿಡಿದುಕೊಂಡು ಕ್ರಮವನ್ನೇ ಬದಲಿಸುವ ಸಲಹೆ ಸೈಬರ್ ಸೆಂಟರ್‌ಗಳಲ್ಲಿ ಧಾರಾಳವಾಗಿ ಸಿಗುತ್ತದೆ, ದಯವಿಟ್ಟು ಕೇಳಬೇಡಿ. ಕಟ್‌ಆಫ್ ಉಪಯೋಗಕ್ಕೆ ಬರುವುದು ಪಟ್ಟಿಯನ್ನು ಎಷ್ಟು ಉದ್ದ ಬೆಳೆಸಬೇಕು ಎಂದು ಅಂದಾಜಿಸಲು ಮಾತ್ರ. ಸೇರುವ ಮನಸ್ಸೇ ಇಲ್ಲದ ಕೋರ್ಸನ್ನು ಕೊನೆಯ ಸಾಲಿನಲ್ಲೂ ಹಾಕಬೇಡಿ.

ಇಷ್ಟವೆಂದು ತಿಳಿಯುವುದು ಹೇಗೆ? ವಿಟಿಯು ಜಾಲತಾಣದಲ್ಲಿ ಪಠ್ಯಕ್ರಮ ಸಿಗುತ್ತದೆ. ಮೊದಲ ವರ್ಷ ಬಿಟ್ಟು ಮೂರು, ನಾಲ್ಕನೇ ಸೆಮಿಸ್ಟರ್ ತೆರೆಯಿರಿ. ಕೋರ್ಸಿನ ನಿಜವಾದ ಮುಖ ಅಲ್ಲಿದೆ. ಕಂಪ್ಯೂಟರ್ ಸೈನ್ಸ್ ಎಂದರೆ ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್ಸ್. ಸಿವಿಲ್ ಎಂದರೆ ಸರ್ವೆ, ದ್ರವಗಳ ಯಂತ್ರಶಾಸ್ತ್ರ, ಕಾಂಕ್ರೀಟ್. ಒಂದೊಂದು ವಿಷಯದ ಒಂದು ಪಾಠವನ್ನಾದರೂ ಯೂಟ್ಯೂಬ್‌ನಲ್ಲಿ ಕೂತು ಕೇಳಿ. ಕಾಲೇಜಿನ ಹೆಸರಿಗಾಗಿ ಬೇಡದ ಕೋರ್ಸ್ ಹಿಡಿಯುವುದಕ್ಕಿಂತ ಸಾಧಾರಣ ಕಾಲೇಜಿನಲ್ಲಿ ಬೇಕಾದ ಕೋರ್ಸ್ ಓದುವುದು ಮೇಲು ಎಂಬುದು ನನ್ನ ದೃಢ ಅಭಿಪ್ರಾಯ.

ವಿಜ್ಞಾನ ಓದಿದವರಿಗೆ ಈ ಪಟ್ಟಿಯ ಹೊರಗೂ ದಾರಿಗಳಿವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು ಮತ್ತು ಶ್ರವಣ ಚಿಕಿತ್ಸೆಯ ಪದವಿ ಇದೆ, ಅದೇ ಊರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಬಿ.ಎಸ್ಸಿ., ಬಿ.ಇಡಿ. ಒಟ್ಟಿಗೆ ಓದಬಹುದು. ಇವಕ್ಕೆಲ್ಲ ಅರ್ಜಿ ಬೇರೆ, ದಿನಾಂಕ ಬೇರೆ. ರಾಷ್ಟ್ರೀಯ ಕಾನೂನು ಶಾಲೆಯ ಆಸೆಯಿದ್ದರೆ ಕ್ಲಾಟ್ ಪರೀಕ್ಷೆ ಹಿಂದಿನ ಡಿಸೆಂಬರ್‌ನಲ್ಲೇ ಮುಗಿದಿರುತ್ತದೆ.

ಅಣಕು ಸೀಟು ಹಂಚಿಕೆ ಬಂದಾಗ ಗಾಬರಿ ಬೇಡ. ಅದು ಸೀಟಲ್ಲ, ಪಟ್ಟಿ ತಿದ್ದಿಕೊಳ್ಳಲು ಕೊಡುವ ಸೂಚನೆ. ನಿಜವಾದ ಹಂಚಿಕೆಯ ನಂತರ ಛಾಯ್ಸ್ ಕೇಳುತ್ತಾರೆ: ಒಂದು ಎಂದರೆ ಒಪ್ಪಿ ಸೇರುವುದು, ಎರಡು ಎಂದರೆ ಸೀಟು ಇಟ್ಟುಕೊಂಡು ಮೇಲಿನ ಸಾಲುಗಳಿಗಾಗಿ ಕಾಯುವುದು, ಮೂರು ಎಂದರೆ ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ನಾಲ್ಕು ಎಂದರೆ ಪ್ರಕ್ರಿಯೆಯಿಂದಲೇ ಹೊರಬರುವುದು. ಎರಡನ್ನು ಆರಿಸಿದವರಿಗೆ ಮೇಲಿನ ಸೀಟು ಸಿಕ್ಕಿತೆಂದರೆ ಹಳೆಯದು ತಾನಾಗಿ ರದ್ದಾಗುತ್ತದೆ, ಮರಳಿ ಬರುವುದಿಲ್ಲ. ಆ ಗುಂಡಿ ಒತ್ತುವ ಮೊದಲು ಮೇಲಿನ ಸಾಲುಗಳನ್ನು ಮನೆಯವರೊಂದಿಗೆ ಕೂತು ಮತ್ತೊಮ್ಮೆ ಓದಿ, ಬೇಡವಾದದ್ದನ್ನು ಅಳಿಸಲು ಅವಕಾಶವಿದ್ದರೆ ಅಳಿಸಿ.